ಡಬ್ಬಿಯ ತಳದ ಹೆಂಗಸು

ರಿಯೊಬಾಂಬಾ ಬಸ್ ನಿಲ್ದಾಣದಲ್ಲಿ ಗುವಾರಾಂಡಾ ಕಡೆಯ ಬಸ್ಸುಗಳು ನಿಲ್ಲುವ ಜಾಗದಿಂದ ಎಡಕ್ಕೆ ತಿರುಗಿದರೆ ಪಾಯಿಖಾನೆ. ಅದರ ಬಾಗಿಲಲ್ಲಿ ಒಂದು ಮೇಜು. ಮೇಜಿನ ಮೇಲೆ ಒರೆಸಿಕೊಳ್ಳಲು ಕೊಡುವ, ನಾಲ್ಕು ಮಡಿಕೆ ಮಾಡಿದ ಕಾಗದದ ಚೂರುಗಳ ಸಾಲು. ಮೇಜಿನ ಹಿಂದೆ ನಮ್ಮ ಸೋದರತ್ತೆ ದಿಗ್ನಾ ಇಲ್ಬಾಯ್. ಒಳಗೆ ಹೋಗಲು ಹದಿನೈದು ಸೆಂತಾವೊ; ನೂರು ಸೇರಿದರೆ ಒಂದು ಡಾಲರ್. ಹೆಚ್ಚಿನವರು ಇಪ್ಪತ್ತೈದರ ನಾಣ್ಯ ಇಡುತ್ತಾರೆ, ಅತ್ತೆ ಒಂದು ಕಾಗದ ಮತ್ತು ಹತ್ತು ಸೆಂತಾವೊ ವಾಪಸು ಕೊಡುತ್ತಾಳೆ. ‘ಇಡುತ್ತಾರೆ’ ಎಂದು ಬೇಕೆಂದೇ ಬರೆದಿದ್ದೇನೆ. ಪಾಯಿಖಾನೆಯವಳ ಕೈ ಮುಟ್ಟುವುದು ಯಾರಿಗೂ ಇಷ್ಟವಿಲ್ಲ, ಆದ್ದರಿಂದ ನಾಣ್ಯವನ್ನು ಮೇಜಿನ ಮೇಲೆ ಇಡುತ್ತಾರೆ. ಅತ್ತೆಗೆ ಅದರಿಂದ ಒಂದು ಅನುಕೂಲವಾಗಿತ್ತು. ಮೇಜಿನ ಮೇಲೆ ಬಿದ್ದ ನಾಣ್ಯದ ಸದ್ದು ಕೇಳಿಯೇ ಅದು ಬೇರೆ ದೇಶದ್ದೋ ಅಲ್ಲವೋ ಎಂದು ಅವಳಿಗೆ ತಿಳಿಯುತ್ತಿತ್ತು.

ನಾನೂ ಅಮ್ಮನೂ ಎದುರಿಗೇ ಹೂಮಿತಾ ಮಾರುತ್ತೇವೆ. ಮುಸುಕಿನ ಜೋಳದ ಹಿಟ್ಟನ್ನು ಅದರ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ್ದು. ಶಾಲೆ ಬಿಟ್ಟ ಮೇಲಿನ ಮೂರು ವರ್ಷಗಳಲ್ಲಿ ಆ ಹಬೆಯ ಪಾತ್ರೆಯ ಹಿಂದಿನಿಂದ ನಾನು ನೋಡಿದ್ದನ್ನು, ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ನೋಡದೆ ಇದ್ದ ಕಡೆ ಅತ್ತೆಯನ್ನೇ ಎರಡೆರಡು ಸಲ ಕೇಳಿಕೊಂಡಿದ್ದೇನೆ.

ಅತ್ತೆ ಹುಟ್ಟಿದ್ದು ಬೆಟ್ಟದ ಮೇಲಿನ ಕಾಚಾದಲ್ಲಿ. ಹದಿಮೂರನೆಯ ವಯಸ್ಸಿಗೆ ಪಟ್ಟಣಕ್ಕೆ ಬಂದು ಒಂದು ಮನೆಯಲ್ಲಿ ಬಟ್ಟೆ ಒಗೆದಳು, ಆಮೇಲೆ ಸಂತೆಯಲ್ಲಿ ಈರುಳ್ಳಿ ಮಾರಿದಳು, ಆಮೇಲೆ ಈ ಮೇಜು. ಮದುವೆಯಾದ ಗಂಡ ಸಕ್ಕರೆ ಕಾರ್ಖಾನೆಗೆಂದು ಕೆಳಗಿನ ಸೀಮೆಗೆ ಹೋಗಿ ಅಲ್ಲೇ ಜ್ವರದಲ್ಲಿ ತೀರಿಕೊಂಡ. ಒಂದು ಹೆಣ್ಣು ಮಗು ಇತ್ತು. ಬೆನ್ನಿಗೆ ಕಟ್ಟಿಕೊಂಡು ಈರುಳ್ಳಿ ಮಾರುತ್ತಿದ್ದ ಕಾಲದಲ್ಲೇ ಅದೂ ಹೋಯಿತು. ಇಷ್ಟನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. ನಾಣ್ಯದ ವಿಷಯಕ್ಕೆ ಬಂದರೆ ಮಾತ್ರ ಅವಳ ಮಾತಿಗೆ ಕೊನೆಯಿಲ್ಲ.

ಅದು ಶುರುವಾದದ್ದು ನಮ್ಮ ದೇಶದ ಹಳೆಯ ಹಣ ಸುಕ್ರೆ ಸತ್ತು ಡಾಲರ್ ಬಂದ ವರ್ಷ. ಇಪ್ಪತ್ತೈದು ಸಾವಿರ ಸುಕ್ರೆಗೆ ಒಂದು ಡಾಲರ್ ಎಂದರು. ಅತ್ತೆ ದಿಂಬಿನೊಳಗೆ ಕೂಡಿಟ್ಟಿದ್ದ ಎರಡು ಲಕ್ಷ ಸುಕ್ರೆಯನ್ನು ಹಿಡಿದುಕೊಂಡು ಬ್ಯಾಂಕಿನ ಮುಂದೆ ಇಡೀ ದಿನ ನಿಂತಳು. ಸಂಜೆಗೆ ಒಂದು ಡಾಲರಿನ ಏಳು ನೋಟು, ಒಂದು ನಾಣ್ಯ ಕೈಗೆ ಬಂತು. ಅಷ್ಟು ವರ್ಷದ ದುಡಿಮೆ ಇಷ್ಟೇನಾ ಎಂದು ಅಳು ಬಂದಿತ್ತಂತೆ. ಆದರೆ ನಾಣ್ಯ ಚಿನ್ನದ ಬಣ್ಣದ್ದು. ಅದರ ಮೇಲೆ ಒಬ್ಬ ಹೆಂಗಸು, ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮಗು. ಮಗು ತಲೆ ವಾಲಿಸಿ ಮಲಗಿದೆ. ತಿರುಗಿಸಿದರೆ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ.

“ಅಳೋದು ನಿಂತೇ ಹೋಯ್ತು ಕಣೆ,” ಎನ್ನುತ್ತಾಳೆ ಅತ್ತೆ. “ನಮ್ಮವಳು! ಬೆನ್ನಿಗೆ ಕೂಸು, ಹಿಂದೆ ಕಾಂಡೋರ್ ಹದ್ದು. ಸರ್ಕಾರದೋರಿಗೆ ಕೊನೆಗೂ ನಾವು ನೆನಪಾದ್ವಲ್ಲ ಅಂದ್ಕೊಂಡೆ. ಆ ಬಟ್ಟೆ ಕಟ್ಟಿರೋ ರೀತಿ ನೋಡು, ಕಾಚಾದವಳೇ.”

ಸಂತೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಊರಿನ ವಿಷಯದಲ್ಲಿ ಮಾತ್ರ ಜಗಳ. ಉಣ್ಣೆ ಮಾರುವವರು ಅವಳು ಒತವಾಲೊದವಳು ಎನ್ನುತ್ತಿದ್ದರು, ಗೆಣಸು ಮಾರುವವರು ಸರಗೂರೊದವಳು ಎನ್ನುತ್ತಿದ್ದರು. ಅತ್ತೆ ಆ ನಾಣ್ಯವನ್ನು ಖರ್ಚು ಮಾಡಲಿಲ್ಲ. ಕೈಗೆ ಹಚ್ಚುವ ಕ್ರೀಮಿನ ಖಾಲಿ ತಗಡು ಡಬ್ಬಿಯೊಂದನ್ನು ತೊಳೆದು ಅದರ ತಳದಲ್ಲಿ ಇಟ್ಟಳು.

ಮೇಜಿಗೆ ಕೂತ ಮೇಲೆ ಡಬ್ಬಿಗೆ ಬೇರೆ ಜೊತೆಗಾರರು ಬಂದರು. ನಮ್ಮ ಚಿಲ್ಲರೆಯಲ್ಲಿ ಎರಡು ಬಗೆ. ನಮ್ಮ ಸರ್ಕಾರ ಹೊಡೆಸಿದ್ದು ಒಂದು, ಉತ್ತರದ ಅಮೆರಿಕದಿಂದ ಬಂದದ್ದು ಒಂದು. ಗಾತ್ರ ಒಂದೇ, ಬೆಲೆ ಒಂದೇ. ಎರಡನ್ನೂ ಯಾರೂ ಬೇರೆ ಮಾಡಿ ನೋಡುವುದಿಲ್ಲ. ಇವೆರಡರ ನಡುವೆ ನುಸುಳಿಕೊಂಡು ಮೂರನೆಯದು ಬರುತ್ತದೆ. ಗಡಿ ದಾಟಿದವರ ಜೇಬಿನ ಮೂಲೆಯಲ್ಲಿ ಉಳಿದದ್ದು, ಅವಸರದಲ್ಲಿ ನೋಡದೆ ಇಟ್ಟದ್ದು. ಪೆರುವಿನದು, ಕೊಲಂಬಿಯದ್ದು, ರಾಣಿಯ ಮುಖವಿದ್ದ ಕೆನಡಾದ್ದು, ಮುಖವಿರುವ ಸೂರ್ಯನ ಅರ್ಜೆಂಟೀನಾದ್ದು. ಹಾಗೆ ಬಂದಾಗ ಅತ್ತೆ ಆ ಹದಿನೈದು ಸೆಂತಾವೊವನ್ನು ತನ್ನ ಕೈಯಿಂದ ಹಾಕಿ, ನಾಣ್ಯವನ್ನು ಸಾಬೂನು ನೀರಿನಲ್ಲಿ ತೊಳೆದು, ಡಬ್ಬಿಗೆ ಸೇರಿಸುವಳು. ಆಮೇಲೆ ಬಂದು ಹೋಗುವವರನ್ನೆಲ್ಲ ಕೇಳುವಳು: “ಇದು ಯಾವ ಊರಿಂದು? ಈ ಮುಖ ಯಾರ್ದು? ಅಲ್ಲಿ ಚಳಿ ಉಂಟಾ?”

ಒಂದು ನಾಣ್ಯಕ್ಕೆ ನಡುವೆ ತೂತಿತ್ತು. ಕೀಟೊ ಬಸ್ಸಿನ ಚಾಲಕ ಫೌಸ್ತೊ ಅದನ್ನು ಕಣ್ಣಿಗೆ ಹಿಡಿದು ನೋಡಿ, “ಇದು ನಾಣ್ಯ ಅಲ್ಲ ಅತ್ತೆ, ವಾಷರು. ನನ್ನ ಬಸ್ಸಿಂದೇ ಬಿದ್ದಿರ್ಬೇಕು, ಕೊಡಿಲ್ಲಿ,” ಎಂದ. ಅದು ಜಪಾನಿನದು ಎಂದು ತಿಳಿಯಲು ಎಂಟು ತಿಂಗಳು ಬೇಕಾಯಿತು. ಇನ್ನೊಂದು ನಾಣ್ಯದ ಮೇಲೆ ಹೆಬ್ಬೆರಳು ಎತ್ತಿದ ಒಂದು ಕೈ. ಅದರ ಮೇಲೆ ಚಾಲಕರೆಲ್ಲ ಸೇರಿ ಒಂದು ಮಧ್ಯಾಹ್ನ ಪೂರ್ತಿ ಚರ್ಚೆ ಮಾಡಿದರು.

“ರಸ್ತೆ ಬದೀಲಿ ನಿಂತು ಲಿಫ್ಟ್ ಕೇಳ್ತಾ ಇದ್ದಾನೆ. ಬಸ್ಸೇ ಇಲ್ಲದ ದೇಶ ಪಾಪ,” ಎಂದ ಫೌಸ್ತೊ.

“ಬಸ್ಸಿದೆ. ಚಾಲಕ ನಿನ್ನ ಥರದೋನು, ನಿಲ್ಸಲ್ಲ,” ಎಂದಳು ಅತ್ತೆ.

ಕೊನೆಗೆ ಮಣಿಸರ ಹಾಕಿಕೊಂಡಿದ್ದ ಒಬ್ಬ ಚಿಲಿಯ ಹುಡುಗ, ಅದು ಭಾರತದ ರೂಪಾಯಿ, ಆ ಕೈ ನಾಟ್ಯದ ಮುದ್ರೆ ಎಂದು ಹೇಳಿ ಹೋದ. ಅಂದಿನಿಂದ ಅತ್ತೆ ಎಲ್ಲರಿಗೂ ಹೇಳತೊಡಗಿದಳು: “ಅಲ್ಲಿ ಬೆರಳಲ್ಲೇ ಕುಣೀತಾರಂತೆ. ಕಾಲು ನೋವಿರೋರಿಗೆ ಒಳ್ಳೇದು.”

ಡಬ್ಬಿಗೆ ಒಂದು ನೇಮವಿತ್ತು. ನಾಣ್ಯ ತಾನಾಗಿ ಬರಬೇಕು. ಕೊಂಡುಕೊಳ್ಳುವಂತಿಲ್ಲ, ಬೇಡುವಂತಿಲ್ಲ, ಯಾರಾದರೂ ಉಡುಗೊರೆ ಎಂದು ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. “ಕರೆಸ್ಕೊಂಡ ನೆಂಟ್ರು ಊಟ ಮಾಡಿ ಹೋಗ್ತಾರೆ. ದಾರಿ ತಪ್ಪಿ ಬಂದೋರು ಕತೆ ಹೇಳ್ತಾರೆ,” ಎಂದಳು.

ಹೋದ ವರ್ಷ ನನ್ನ ಅಕ್ಕ ನೂಬೆಯ ಮದುವೆ ಗೊತ್ತಾಯಿತು. ಗಂಡು ವಿಲ್ಮೆರ್, ಗುವಾರಾಂಡಾ ಬಸ್ಸಿನಲ್ಲಿ ಟಿಕೆಟ್ ಕೊಡುವವನು. ಅವರಿಬ್ಬರಿಗೂ ಆಗಲೇ ಐದು ತಿಂಗಳ ಮಗುವಿತ್ತು, ಆದ್ದರಿಂದ ಯಾರೂ ತಡಮಾಡುವಂತಿರಲಿಲ್ಲ. ಅವನ ತಾಯಿ ಎಲ್ವಿಯಾ, ಮರ್ಯಾದೆಗೆ ಎಲ್ಲರೂ ಕರೆಯುವಂತೆ ಡೋನ್ಯಾ ಎಲ್ವಿಯಾ, ಅವರಿಗೆ ಸಂತೆಯ ಬೀದಿಯಲ್ಲಿ ಚಪ್ಪಲಿ ಅಂಗಡಿ. ಮಾತುಕತೆಗೆ ಬಂದ ದಿನ ಅವರು ನಮ್ಮ ಮನೆಯ ಬೆಂಚನ್ನು ಕರವಸ್ತ್ರದಿಂದ ಒರೆಸಿ ಕೂತರು. ಉಂಗುರಕ್ಕೆ ಯಾರು, ಕೇಕಿಗೆ ಯಾರು ಎಂದು ಒಂದೊಂದನ್ನೂ ಹಂಚುತ್ತ ಬಂದು, ಕೊನೆಗೆ ಕೇಳಿದರು: “ನಾಣ್ಯಕ್ಕೆ?”

ಇಗರ್ಜಿಯಲ್ಲಿ ಮದುಮಗ ಮದುಮಗಳ ಬೊಗಸೆಗೆ ಹದಿಮೂರು ನಾಣ್ಯ ಸುರಿಯಬೇಕು. ಅವನ್ನು ತರುವವಳು ನಾಣ್ಯದ ಧರ್ಮತಾಯಿ. ಮದುವೆಯ ಫೋಟೊದಲ್ಲಿ ಅವಳಿಗೆ ಮದುಮಗಳ ಪಕ್ಕದ ಜಾಗ, ಮುಂದೆ ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ.

“ದಿಗ್ನಾ ಅತ್ತೆ,” ಎಂದಳು ನೂಬೆ.

ಅತ್ತೆ ಬಾಗಿಲ ಹತ್ತಿರ ನಿಂತಿದ್ದಳು. ಅವಳನ್ನು ಇದುವರೆಗೆ ಯಾರೂ ಯಾವುದಕ್ಕೂ ಧರ್ಮತಾಯಿಯಾಗಿ ಕರೆದಿರಲಿಲ್ಲ. ನಾಮಕರಣಕ್ಕಿಲ್ಲ, ಮಕ್ಕಳು ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಪಡೆಯುವಾಗಿಲ್ಲ, ಹೊಸ ಬಸ್ಸಿಗೆ ಪಾದ್ರಿ ನೀರು ಚಿಮುಕಿಸುವಾಗಲೂ ಇಲ್ಲ. ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಕೈ ಒಣಗೇ ಇತ್ತು.

ಡೋನ್ಯಾ ಎಲ್ವಿಯಾ ನಕ್ಕರು. “ಸಂಡಾಸಿನ ಮೇಜಿನ ಕಾಸು ನನ್ನ ಮಗನ ಕೈಗಾ? ಕತೀಡ್ರಲ್ ಪಕ್ಕದ ಅಂಗಡೀಲಿ ಹದಿಮೂರರ ಡಬ್ಬಿನೇ ಸಿಗುತ್ತೆ. ಚಿನ್ನದ ನೀರು ಕುಡಿಸಿರೋದು, ಮಖಮಲ್ಲಿನ ಮೇಲೆ ಇಟ್ಟು ಕೊಡ್ತಾರೆ.”

“ಡೋನ್ಯಾ ಎಲ್ವಿಯಾ, ಬಸ್ಸಿಳಿದೋರು ಮೊದ್ಲು ಬರೋದು ನನ್ನ ಹತ್ರ. ಆಮೇಲೆ ನಿಮ್ಮಂಗಡಿಗೆ ಚಪ್ಪಲಿಗೆ ಬರ್ತಾರೆ,” ಎಂದಳು ಅತ್ತೆ ನಿಧಾನವಾಗಿ. “ನಿಮ್ಮ ಗಲ್ಲಾದಲ್ಲಿರೋದೂ ನನ್ನ ಮೇಜು ನೋಡಿದ ಕಾಸೇ.”

ವಿಲ್ಮೆರ್ ಕೆಮ್ಮಿದ. ನಮ್ಮಪ್ಪ ಗೋಡೆಯ ಕಡೆ ತಿರುಗಿಕೊಂಡ. ಡೋನ್ಯಾ ಎಲ್ವಿಯಾರ ತುಟಿ ಬಿಗಿಯಾಯಿತು. ಅತ್ತೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದುವರಿದಳು: “ಅಂಗಡಿ ನಾಣ್ಯ ಯಾರು ಬೇಕಾದ್ರೂ ತರ್ತಾರೆ. ನಾನು ಹದಿಮೂರು ದೇಶದ್ದು ಹದಿಮೂರು ತರ್ತೀನಿ. ಎಲ್ಲಾ ತಾನಾಗಿ ನಡ್ಕೊಂಡು ಬಂದಿರೋವು.”

“ಹದಿಮೂರು ದೇಶ?”

“ಹದಿಮೂರು.”

“ಸರಿ. ಮದುವೆ ಹಿಂದಿನ ಭಾನುವಾರ ನಾನೇ ಬಂದು ನೋಡ್ತೀನಿ. ಹದಿಮೂರಿದ್ರೆ ನನ್ನ ಬಾಯಿ ಮುಚ್ಚಿತು. ಒಂದು ಕಮ್ಮಿ ಇದ್ರೂ ಅಂಗಡಿ ಡಬ್ಬಿ, ಧರ್ಮತಾಯಿ ನನ್ನ ತಂಗಿ. ಒಪ್ಪಿಗೆನಾ?”

“ಒಪ್ಪಿಗೆ,” ಎಂದಳು ಅತ್ತೆ.

ಅವರು ಹೋದ ಮೇಲೆ ನಾನು ಅತ್ತೆಯ ಡಬ್ಬಿ ತೆಗೆದು ನಾಣ್ಯಗಳನ್ನು ಬೆಂಚಿನ ಮೇಲೆ ಜೋಡಿಸಿದೆ. ತಳದ ಚಿನ್ನದ ಬಣ್ಣದ ಹೆಂಗಸನ್ನು ಬಿಟ್ಟು ಹನ್ನೆರಡು ದೇಶ.

“ಅತ್ತೆ, ಹನ್ನೆರಡೇ ಇದೆ.”

“ಗೊತ್ತು. ಬಾಯಲ್ಲಿ ಹನ್ನೆರಡು ಅಂತಾನೇ ಇತ್ತು. ಹೊರಗೆ ಬರೋವಾಗ ಒಂದು ಜಾಸ್ತಿ ಆಯ್ತು.” ನಾಣ್ಯಗಳನ್ನು ಮತ್ತೆ ಡಬ್ಬಿಗೆ ಹಾಕುತ್ತ ಅಂದಳು, “ಐದು ವಾರ ಇದೆ. ಬರುತ್ತೆ ಬಿಡು.”

ಆ ಐದು ವಾರ ನಿಲ್ದಾಣಕ್ಕೆಲ್ಲ ಅದೇ ಸುದ್ದಿ. ಅತ್ತೆ ಕಾಗದ ಮಡಿಸುತ್ತ ಮೇಜಿನ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದಳು. ಎತ್ತರದ ಪರದೇಶದವರು ಬೆನ್ನ ಮೇಲೆ ಚೀಲ ಹೊತ್ತು ಬಂದರೆ ಎದುರಿನಲ್ಲಿ ನಾನೂ ಹೂಮಿತಾ ಬಿಟ್ಟು ನೋಡುತ್ತಿದ್ದೆ. ಮೊದಲ ವಾರ ಇನ್ನೊಂದು ಪೆರುವಿನದು ಬಂತು. ಎರಡನೆಯ ವಾರ ಏನೂ ಇಲ್ಲ. ಮೂರನೆಯ ವಾರ ಒಬ್ಬ ಮುದುಕ ಕೋಟಿನ ಗುಂಡಿಯನ್ನು ಇಟ್ಟು ಒಳಗೆ ಹೋದ. ಹೊರಗೆ ಬಂದಾಗ ಅತ್ತೆ ಗುಂಡಿಯನ್ನು ವಾಪಸು ಕೊಟ್ಟು, ಅದು ಯಾವ ದೇಶದ್ದು ಎಂದು ಕೇಳಿದಳು. “ನನ್ನ ತೋಳಿಂದು ತಾಯಿ,” ಎಂದ ಅವನು.

ನಾಲ್ಕನೆಯ ವಾರದ ಗುರುವಾರ ಒಬ್ಬ ಹೆಂಗಸು ಬಂದು ಒಂದು ನಾಣ್ಯ ಇಟ್ಟಳು. ಟಣ್ ಎಂದು ತೆಳುವಾದ ಸದ್ದು. ಅತ್ತೆಯ ಕೈಯಲ್ಲಿದ್ದ ಕಾಗದ ಅಲ್ಲೇ ನಿಂತಿತು. ನಾನೂ ಓಡಿಬಂದೆ. ವೆನಿಜುವೆಲಾದ ನಾಣ್ಯ. ಡಬ್ಬಿಯಲ್ಲಿ ಇಲ್ಲದ್ದು! ಹದಿಮೂರನೆಯದು.

ಆದರೆ ಆ ಹೆಂಗಸು ಕಾಗದ ತೆಗೆದುಕೊಳ್ಳದೆ ಅಲ್ಲೇ ನಿಂತಿದ್ದಳು. “ನಂಗೆ ಒಳಗೆ ಹೋಗೋದೇನಿಲ್ಲ ಅಮ್ಮ. ಇದನ್ನ ಈ ಮೇಜಿನ ಮೇಲೇ ಇಡು, ಏನೂ ಮಾತಾಡ್ಬೇಡ ಅಂದ್ರು, ಇಟ್ಟೆ. ಇಟ್ಟಿದ್ದು ಸರಿ ಆಯ್ತಾ?”

ಅತ್ತೆ ಕೂತಲ್ಲಿಂದಲೇ ಕೂಗಿದಳು: “ಫೌಸ್ತೊ!”

ಫೌಸ್ತೊ ಬಸ್ಸಿನ ಹಿಂದಿನಿಂದ ಬಂದ. ಅವನ ಭಾವಮೈದುನ ಗಡಿಯಲ್ಲಿ ಹಣ ಬದಲಿಸುವ ಕೆಲಸದವನು. “ನಾಣ್ಯ ಬಸ್ಸಲ್ಲೇ ಬಂತು ಅತ್ತೆ. ಸೀಟಲ್ಲಿ ಕೂತು ಟಿಕೆಟ್ ತಗೊಂಡೇ ಬಂತು. ತಾನಾಗಿ ಬಂದ ಹಾಗೇ ತಾನೆ?”

“ನಡೆಸ್ಕೊಂಡು ಬಂದಿದ್ದು ನೀನು. ತಗೊಂಡು ಹೋಗು.”

ನನಗೆ ತಡೆಯಲಾಗಲಿಲ್ಲ. “ಅತ್ತೆ, ಡೋನ್ಯಾ ಎಲ್ವಿಯಾಗೆ ಗೊತ್ತಾಗಲ್ಲ,” ಎಂದೆ. ಅಷ್ಟು ಜನರ ನಡುವೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲಿರಬೇಕು.

“ಎಲ್ವಿಯಾಗೆ ಗೊತ್ತಾಗಲ್ಲ. ನೂಬೆ ಬೊಗಸೆ ಒಡ್ಡಿದಾಗ ನಂಗೆ ಗೊತ್ತಾಗುತ್ತೆ,” ಎಂದಳು ಅತ್ತೆ. ನಾಣ್ಯವನ್ನು ಫೌಸ್ತೊನ ಅಂಗಿಯ ಜೇಬಿಗೆ ಹಾಕಿದಳು. ಹಾಕುವ ಮೊದಲು ಎರಡೂ ಕಡೆ ತಿರುಗಿಸಿ, ಅದರ ಮೇಲಿನ ಮುಖ ಯಾರದು ಎಂದು ಕೇಳಲು ಮಾತ್ರ ಮರೆಯಲಿಲ್ಲ.

ಐದನೆಯ ವಾರವೂ ಖಾಲಿ ಹೋಗಿ ಆ ಭಾನುವಾರ ಬಂತು. ಡೋನ್ಯಾ ಎಲ್ವಿಯಾ ಇಗರ್ಜಿಯ ಪೂಜೆ ಮುಗಿಸಿ, ಕಪ್ಪು ಶಾಲು ಹೊದ್ದು, ತಂಗಿಯನ್ನು ಜೊತೆಗೆ ಕರೆದುಕೊಂಡು ಬಂದರು. ತಂಗಿಯ ಕೈಚೀಲದಿಂದ ಕತೀಡ್ರಲ್ ಪಕ್ಕದ ಅಂಗಡಿಯ ಪೊಟ್ಟಣ ಇಣುಕುತ್ತಿತ್ತು. ಮೊದಲೇ ಕೊಂಡಾಗಿತ್ತು. ನೂಬೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಂದು ಪಕ್ಕದಲ್ಲಿ ನಿಂತಿದ್ದಳು. ಅತ್ತೆ ಕಾಗದದ ಸಾಲನ್ನು ಸರಿಸಿ, ಬಿಳಿ ಬಟ್ಟೆ ಹಾಸಿ, ಡಬ್ಬಿಯನ್ನು ಮಗುಚಿದಳು. ಒಂದೊಂದನ್ನೂ ಹೆಸರು ಹೇಳಿ ಇಟ್ಟಳು. ಪೆರು, ಕೊಲಂಬಿಯಾ, ಬೊಲಿವಿಯಾ, ಚಿಲಿ, ಅರ್ಜೆಂಟೀನಾ, ಬ್ರೆಜಿಲ್, ಮೆಕ್ಸಿಕೊ, ಪನಾಮಾ, ಕೆನಡಾ, ಸ್ಪೇನ್, ಜಪಾನ್, ಭಾರತ. ಅಲ್ಲಿಗೆ ನಿಂತಳು.

“ಹನ್ನೆರಡು,” ಎಂದರು ಡೋನ್ಯಾ ಎಲ್ವಿಯಾ.

“ಹನ್ನೆರಡು,” ಎಂದಳು ಅತ್ತೆ. “ಸುಳ್ಳು ಹೇಳಲ್ಲ. ಒಂದು ಬರಲಿಲ್ಲ.”

ನೂಬೆ ತಲೆ ತಗ್ಗಿಸಿದಳು. ತಂಗಿ ಕೈಚೀಲದ ಬಾಯಿ ಬಿಚ್ಚತೊಡಗಿದರು. ಬಟ್ಟೆಯ ಅಂಚಿನಲ್ಲಿ, ಬೇರೆಯಾಗಿ, ಚಿನ್ನದ ಬಣ್ಣದ ನಾಣ್ಯ ಬಿದ್ದಿತ್ತು. ಡೋನ್ಯಾ ಎಲ್ವಿಯಾರ ಕಣ್ಣು ಅಲ್ಲಿಗೆ ಹೋಯಿತು.

“ಇದ್ಯಾಕೆ ಪಕ್ಕಕ್ಕಿಟ್ಟಿದೀರ?”

“ಅದು ಲೆಕ್ಕಕ್ಕಿಲ್ಲ. ಅವಳು ನಮ್ಮವಳು. ಕಾಚಾದವಳು.”

ಡೋನ್ಯಾ ಎಲ್ವಿಯಾ ಜೋರಾಗಿ ನಕ್ಕರು. ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. “ಕಾಚಾದವಳಾ! ಅಯ್ಯೋ ಡೋನ್ಯಾ ದಿಗ್ನಾ, ಹದಿನೈದು ವರ್ಷ ನಾಣ್ಯದ ಮುಂದೆ ಕೂತು ನೀವು ಕಲಿತಿದ್ದು ಇಷ್ಟೇನಾ? ಕಳ್ಳನಾಣ್ಯ ಹಿಡಿಯೋಕೆ ಅಂಗಡೀಲಿ ನಾನು ಇದರ ಒಂದೊಂದಕ್ಷರಾನೂ ಓದ್ತೀನಿ. ಇಲ್ಲಿ ನೋಡಿ, ಏನು ಬರೆದಿದೆ? ಅಮೆರಿಕ ಸಂಯುಕ್ತ ಸಂಸ್ಥಾನ. ಇವಳು ಉತ್ತರದ ಕಾಡಿನವಳು, ಅಲ್ಲಿನ ಮೂಲದೋಳು. ಈ ಹಕ್ಕಿ ಕಾಂಡೋರ್ ಅಲ್ಲ, ಅವರ ಗರುಡ. ನಮ್ಮ ಬೆಟ್ಟ ಇವಳು ಕನಸಲ್ಲೂ ಕಂಡಿಲ್ಲ.”

ಅತ್ತೆ ನಾಣ್ಯವನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ನೋಡಿದಳು. ಅವಳಿಗೆ ದೊಡ್ಡಕ್ಷರ ಕೂಡಿಸಿ ಓದಲು ಬರುತ್ತದೆ, ಆದರೆ ನಮ್ಮವಳ ಮೇಲೆ ಏನು ಬರೆದಿದೆ ಎಂದು ಓದುವ ಅಗತ್ಯ ಅವಳಿಗೆ ಎಂದೂ ಬಿದ್ದಿರಲಿಲ್ಲ. ಬೆರಳನ್ನು ಹಕ್ಕಿಯ ಸುತ್ತ ಅಕ್ಷರದಿಂದ ಅಕ್ಷರಕ್ಕೆ ಸರಿಸಿದಳು. ತಿರುಗಿಸಿ, ಮಲಗಿದ ಮಗುವಿನ ತಲೆಯ ಮೇಲೆ ಬೆರಳಿಟ್ಟಳು. ಅವಳು ಅಳುತ್ತಾಳೆ ಎಂದು ನನಗೆ ಹೆದರಿಕೆಯಾಯಿತು.

“ಉತ್ತರದವಳಾ?” ಎಂದಳು.

“ಮತ್ತೆ!”

“ಅಂದ್ರೆ ಪರದೇಶದವಳು.”

“ಅಪ್ಪಟ ಪರದೇಶ.”

“ನೀವೇ ಓದಿ ಹೇಳ್ತಾ ಇದೀರ.”

“ನಾನೇ ಓದಿ ಹೇಳ್ತಾ ಇದೀನಿ, ಇನ್ನೇನು ಬೇಕು?”

ಅತ್ತೆ ಆ ನಾಣ್ಯವನ್ನು ಹನ್ನೆರಡರ ಸಾಲಿನ ಕೊನೆಗೆ, ಭಾರತದ ಪಕ್ಕ ಇಟ್ಟಳು. “ಹದಿಮೂರು,” ಎಂದಳು.

ಫೌಸ್ತೊ ಹಿಂದಿನಿಂದ ಒಂದು ಶಿಳ್ಳೆ ಹಾಕಿದ. ಹಗಲೆಲ್ಲ ನಮ್ಮ ಕೈಯಲ್ಲಿ ಓಡಾಡುವ ಚಿಲ್ಲರೆಯಲ್ಲಿ ಅರ್ಧದಷ್ಟು ಬೇರೆ ದೇಶದ್ದು ಎಂಬುದು ನಮಗೆ ತಿಳಿಯದ್ದೇನಲ್ಲ. ಆದರೂ ಆ ಐದು ವಾರದಲ್ಲಿ ಅತ್ತೆಗಾಗಲಿ, ನನಗಾಗಲಿ, ಗಡಿಯಿಂದ ನಾಣ್ಯ ತರಿಸಿದ ಫೌಸ್ತೊಗಾಗಲಿ ಅದು ಹೊಳೆದೇ ಇರಲಿಲ್ಲ. ದಿನಾ ಕೈಗೆ ಬರುವುದು ನಮ್ಮದೇ ಅಂದುಕೊಂಡಿದ್ದೆವು.

“ಇದು... ಇದು ತಾನಾಗಿ ಬಂದಿದ್ದಾ?” ಎಂದರು ಡೋನ್ಯಾ ಎಲ್ವಿಯಾ. ಅವರ ದನಿ ಸ್ವಲ್ಪ ಇಳಿದಿತ್ತು.

“ಎರಡು ಲಕ್ಷ ಸುಕ್ರೆ ಹೋಗಿ ಬಂದಿದ್ದು. ನಾನು ಕರೀಲಿಲ್ಲ.”

ಡೋನ್ಯಾ ಎಲ್ವಿಯಾ ತಂಗಿಯ ಕಡೆ ನೋಡಿದರು. ತಂಗಿ ಕೈಚೀಲ ಮುಚ್ಚಿದರು. “ಬಾಯಿ ಮುಚ್ಕೋತೀನಿ ಅಂದಿದ್ದೆ. ಮುಚ್ಕೊಂಡೆ,” ಎಂದು ಹೇಳಿ ಡೋನ್ಯಾ ಎಲ್ವಿಯಾ ಎರಡು ಹೆಜ್ಜೆ ಹೋದವರು ಮತ್ತೆ ತಿರುಗಿದರು. ಮುಖ ಕೆಂಪಾಗಿತ್ತು. “ಬಂದಿದ್ದಕ್ಕೆ ಒಂದು ಕಾಗದ ಕೊಡಿ. ಮನೆ ದೂರ.”

“ಸಂಬಂಧಿಕರ ಹತ್ರ ಕಾಸು ತಗೊಳಲ್ಲ, ಹೋಗಿ ಬನ್ನಿ.”

“ನಿಮ್ಮ ಹದಿನೈದು ಸೆಂತಾವೊ ಋಣ ನಂಗೆ ಬೇಡ.” ಅವರು ಇಪ್ಪತ್ತೈದರ ನಾಣ್ಯವನ್ನು ತೆಗೆದರು. ಮೇಜಿನ ತುಂಬ ಬಿಳಿ ಬಟ್ಟೆ, ಬಟ್ಟೆಯ ತುಂಬ ಹದಿಮೂರು ದೇಶ, ಇಡಲು ಜಾಗವಿರಲಿಲ್ಲ. ಒಂದು ಕ್ಷಣ ಹಿಂದೆಮುಂದೆ ನೋಡಿ, ಅತ್ತೆಯ ಅಂಗೈಗೇ ಇಟ್ಟರು. “ಹತ್ತು ವಾಪಸು ಕೊಡಿ ಮತ್ತೆ.”

ಮದುವೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅತ್ತೆ ನೀಲಿ ಶಾಲು ಹೊದ್ದು ಮದುಮಗಳ ಪಕ್ಕ ನಿಂತಿದ್ದಳು. ವಿಲ್ಮೆರ್‌ನ ಕೈಯಿಂದ ಹದಿಮೂರೂ ನೂಬೆಯ ಬೊಗಸೆಗೆ ಸುರಿದವು. ಒಂದು ನಾಣ್ಯ ಬಿದ್ದರೂ ಮನೆಯಲ್ಲಿ ಕಾಸು ನಿಲ್ಲುವುದಿಲ್ಲ ಎನ್ನುತ್ತಾರೆ, ಆದ್ದರಿಂದ ಡೋನ್ಯಾ ಎಲ್ವಿಯಾ ಮುಂದಿನ ಬೆಂಚಿನಿಂದ ಅರ್ಧ ಎದ್ದು ತಾವೇ ಬೊಗಸೆ ಒಡ್ಡಿದ್ದರು. ನೆಲಕ್ಕೆ ಒಂದೂ ಬೀಳಲಿಲ್ಲ. ಪಾದ್ರಿ ತೂತಿನ ನಾಣ್ಯವನ್ನು ನೋಡಿ ಒಮ್ಮೆ ಕಣ್ಣು ಕಿರಿದು ಮಾಡಿದರು, ಏನೂ ಕೇಳಲಿಲ್ಲ. ಫೋಟೊ ತೆಗೆಯುವಾಗ ಹಿಂದಿನ ಸಾಲಿನಲ್ಲಿದ್ದ ಚಾಲಕರೆಲ್ಲ ಭಾರತದವರ ಹಾಗೆ ಹೆಬ್ಬೆರಳು ಎತ್ತಿದ್ದಾರೆ. ಆ ಫೋಟೊ ಈಗ ಅತ್ತೆಯ ಮೇಜಿನ ಮೇಲಿನ ಗೋಡೆಯಲ್ಲಿದೆ.

ಹದಿಮೂರು ನಾಣ್ಯವೂ ನೂಬೆಯ ಪೆಟ್ಟಿಗೆ ಸೇರಿದವು. ಪದ್ಧತಿ ಹಾಗೆ. ಸೋಮವಾರ ಅತ್ತೆ ಖಾಲಿ ಡಬ್ಬಿಯನ್ನು ಮುಂದಿಟ್ಟುಕೊಂಡು ಎಂದಿನಂತೆ ಕಾಗದ ಮಡಿಸುತ್ತ ಕೂತಳು. ಮಧ್ಯಾಹ್ನ ಚಿಲ್ಲರೆಯಲ್ಲಿ ಆ ಚಿನ್ನದ ಬಣ್ಣದ ಹೆಂಗಸು ಬಂದಳು. ದಿನಕ್ಕೆ ಹತ್ತು ಸಲ ಬರುವವಳೇ. ಅತ್ತೆ ಅವಳನ್ನು ತೊಳೆದು ಪಕ್ಕಕ್ಕಿಟ್ಟಳು. ಆಮೇಲೆ ಉತ್ತರದ ಕಡೆಯವರಂತೆ ಕಾಣುವ ಗಂಡ ಹೆಂಡತಿ ಬಂದಾಗ ನಾಣ್ಯವನ್ನು ಅವರ ಮುಂದೆ ಹಿಡಿದಳು.

“ಇವಳು ನಿಮ್ಮ ಕಡೆಯವಳಂತೆ. ಯಾರಿವಳು?”

ಅವರಿಗೆ ನಮ್ಮ ಭಾಷೆ ಅಷ್ಟಾಗಿ ಬರುತ್ತಿರಲಿಲ್ಲ. ಹೆಂಡತಿ ಒಂದು ಉದ್ದನೆಯ ಹೆಸರು ಹೇಳಿದಳು. ದಾರಿ ಗೊತ್ತಿಲ್ಲದ ಗಂಡಸರಿಗೆ ಬೆಟ್ಟ ದಾಟಿಸಿ, ಸಮುದ್ರದವರೆಗೆ ಜೊತೆಗೆ ಹೋದವಳು ಎಂದು ಕೈಸನ್ನೆಯಲ್ಲಿ ತೋರಿಸಿದಳು. ಮಗುವನ್ನು ಹೊತ್ತುಕೊಂಡೇ.

“ಬೆಟ್ಟ ದಾಟಿ?” ಅತ್ತೆ ನನ್ನ ಕಡೆ ತಿರುಗಿದಳು. “ನೋಡಿದ್ಯಾ? ಕಾಚಾದವಳಲ್ಲ, ಸರಿ. ಆದ್ರೆ ನಾನು ಪೂರ್ತಿ ತಪ್ಪಿರಲಿಲ್ಲ.” ಮತ್ತೆ ಅವರ ಕಡೆ ಬಗ್ಗಿ, ಬೆರಳನ್ನು ಮಲಗಿದ ತಲೆಯ ಮೇಲಿಟ್ಟು ಕೇಳಿದಳು: “ಮತ್ತೆ ಈ ಕೂಸು? ಇದು ದೊಡ್ಡದಾಯ್ತಾ?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಗೊತ್ತಿರಲಿಲ್ಲ. ಅವರ ಬಸ್ಸಿಗೆ ಕೂಗುತ್ತಿದ್ದರು, ಹೊರಟುಹೋದರು.

ಅತ್ತೆ ನಾಣ್ಯವನ್ನು ಡಬ್ಬಿಯ ತಳದಲ್ಲಿಟ್ಟು ಮುಚ್ಚಳ ಹಾಕಿದಳು. “ಗೊತ್ತಿರೋರು ಯಾರಾದ್ರೂ ಬರ್ತಾರೆ,” ಎಂದಳು. ಅಷ್ಟರಲ್ಲಿ ಮೇಜಿನ ಮೇಲೆ ಇನ್ಯಾರೋ ನಾಣ್ಯ ಇಟ್ಟ ಸದ್ದಾಯಿತು, ಅವಳು ಕಿವಿ ಕೊಟ್ಟಳು.